ಬಟ್ಟಲ ತಳದ ಮಾತು

ಇಲಿ ಸತ್ತುಬಿದ್ದಿತ್ತು.

ಡೊಮ್ನಾ ಅದರ ಬಾಲ ಹಿಡಿದೆತ್ತಿ, ಉಗ್ರಾಣದ ಕಿಟಕಿಯ ಬೆಳಕಿಗೆ ಒಡ್ಡಿ, ಮಾರಿಸನ ಮೂಗಿನವರೆಗೂ ತಂದಳು.

"ಈಗ ನಂಬ್ತೀಯೇನಪ್ಪಾ ವಕೀಲ? ನಿನ್ನೆ ಸಂಜೆವರೆಗೂ ನನ್ನ ಗೋಧಿ ಚೀಲದ ಮೇಲೆ ಕುಣೀತಿತ್ತು. ಬಟ್ಟಲಿನ ತಳ ಕೆರೆದು ಒಂದು ಚೂರು ರೊಟ್ಟಿಗೆ ಸವರಿ ಇಟ್ಟೆ. ಅಷ್ಟೇ."

"ದೂರ ಹಿಡಿಯಕ್ಕ. ನಂಬಿದೆ."

ಮಾರಿಸ್ ಬಟ್ಟಲನ್ನು ಕೈಗೆ ತೆಗೆದುಕೊಂಡ. ಆಲಿವ್ ಮರದಲ್ಲಿ ಕಡೆದದ್ದು, ಅಂಚು ಸವೆದದ್ದು. ಹಿರಿಯ ಪಮ್ಮೋನರು ಅಲೆಕ್ಸಾಂದ್ರಿಯದಿಂದ ಹಡಗಿನಲ್ಲಿ ಬರುವಾಗ ಜೊತೆಗೆ ತಂದಿದ್ದ ಬಟ್ಟಲು. ತಳದಲ್ಲಿ ಒಣಗಿ ಅಂಟಿದ ಕಂದು ಗಸಿ.

ಅದರಲ್ಲಿ ಕುಡಿದೇ ಪಮ್ಮೋನರು ಸತ್ತದ್ದು. ಅಂತಿಯೋಕ್ಯದ ಎರಡು ಕ್ರೈಸ್ತ ಸಭೆಗಳನ್ನು ಒಂದು ಮಾಡಲೆಂದು ಬಂದವರು, ಆ ಎರಡೂ ಸಭೆಯವರು ಮೊದಲ ಬಾರಿ ಜೊತೆಯಲ್ಲಿ ಕೂತ ಊಟದ ನಡುವೆಯೇ ಕುಸಿದಿದ್ದರು. ವಿಷವಿಕ್ಕಿದವನು ನೇಕಾರ ಜೆನೋಬಿ ಎಂದು ಅವನನ್ನು ಸೆರೆಗೆ ಹಾಕಿದ್ದರು. ನಾಳೆ ಬೆಳಿಗ್ಗೆ ಪ್ರಾಂತಾಧಿಪತಿಯ ಮುಂದೆ ವಿಚಾರಣೆ. ನೇಕಾರರಂಥವರನ್ನು ಅಲ್ಲಿ ಬರೀ ಬಾಯಿಮಾತಿನಲ್ಲಿ ವಿಚಾರಿಸುವುದಿಲ್ಲ. ಚಾಟಿ, ಕೊಕ್ಕೆಗಳೂ ಮಾತಾಡುತ್ತವೆ.

ಜೆನೋಬಿಯ ಪರವಾಗಿ ನಿಲ್ಲಲು ಮಾರಿಸನನ್ನು ಗೊತ್ತುಮಾಡಿದವರು ಹಳೇ ಊರಿನ ಸಭೆಯ ಹಿರಿಯ ಸಿಲ್ವಾನರು. ಮಾರಿಸ್ ಇನ್ನೂ ದೀಕ್ಷಾಸ್ನಾನ ಪಡೆದವನಲ್ಲ. ನಲವತ್ತು ದಾಟಿದರೂ 'ನೋಡೋಣ, ಬರುವ ವರ್ಷ' ಎಂದು ತಳ್ಳುತ್ತಲೇ ಬಂದವನು. ನ್ಯಾಯಾಲಯದಲ್ಲಿ ಸವೆದ ಕಣ್ಣು ಅವನದು. ಎದುರಿಗಿದ್ದವರು ನಕ್ಕರೆ ಯಾಕೆ ನಕ್ಕರು ಎಂದು ಯೋಚಿಸುವಂಥದು.

ಈಗ ಆ ಕಣ್ಣು ಡೊಮ್ನಾಳ ಮೇಲೆ ನಿಂತಿತು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ ಅಕ್ಕ. ಪಮ್ಮೋನರನ್ನ ಮಣ್ಣು ಮಾಡಿ ಎಷ್ಟು ದಿನ ಆಯ್ತು. ಈ ಬಟ್ಟಲನ್ನ ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದೆ?"

"ಇನ್ನೇನು, ತೊಳೆದು ಮಗುಚಿ ಇಡಬೇಕಿತ್ತಾ?"

"ನನಗೆ ಅವತ್ತೇ ತೋರಿಸಬಹುದಿತ್ತು."

"ನೀನು ಯಾರ ಕಡೆಯೋನು ಅಂತ ನನಗೇನು ಗೊತ್ತು?" ಡೊಮ್ನಾ ಇಲಿಯನ್ನು ಕಿಟಕಿಯಾಚೆ ಎಸೆದು ಕೈ ಒರೆಸಿಕೊಂಡಳು. ಅವಳು ಹಳೇ ಊರಿನ ಸಭೆಯ ಸೇವಕಿ. ರೋಗಿಗಳಿಗೆ ಗಂಜಿ ಕಾಯಿಸುವುದರಿಂದ ಹಿಡಿದು ಹೆಂಗಸರನ್ನು ದೀಕ್ಷಾಸ್ನಾನಕ್ಕೆ ಸಿದ್ಧ ಮಾಡುವವರೆಗೆ ಎಲ್ಲ ಅವಳದೇ. "ಎರಡೂ ಕಡೆ ಬಾಗಿಲಲ್ಲಿ ನಿಂತು ಇಣುಕೋ ಜಾತಿ ನಿಂದು. ನಿನ್ನ ಮೇಲೂ ಅನುಮಾನ ಇತ್ತು. ಈಗಲೂ ಪೂರ್ತಿ ಹೋಗಿಲ್ಲ."

ಮಾರಿಸನಿಗೆ ಯಾಕೋ ಸಮಾಧಾನವಾಯಿತು. "ಸಿಲ್ವಾನರಿಗೆ ಹೇಳಿದ್ಯಾ?"

"ಯಾರಿಗೂ ಹೇಳಿಲ್ಲ. ಇಲಿಗೂ ಹೇಳ್ಲಿಲ್ಲ, ಪಾಪ."

ಮಾರಿಸ್ ಉಗುರಿನಿಂದ ಗಸಿಯನ್ನು ಮೆಲ್ಲನೆ ಕೆದಕಿ ನೋಡಿದ. ನುಣ್ಣಗೆ ಕುಟ್ಟಿದ ಯಾವುದೋ ಬೇರಿನ ಪುಡಿ. ನಾರು ನಾರಾಗಿ ಎದ್ದಿತು.

"ಊಟದ ದ್ರಾಕ್ಷಾರಸ ಸೋಸಿದ್ದು ಯಾರು?"

"ಜೆನೋಬಿನೇ. ತಾನೇ ನೇಯ್ದ ಹೊಸ ನಾರುಬಟ್ಟೆ ತಂದಿದ್ದ. ಮಡಿಸಿ, ಇನ್ನೂ ಒಂದು ಸಲ ಮಡಿಸಿ ಸೋಸಿದ. ಅತಿಥಿಗಳ ಬಾಯಿಗೆ ಒಂದು ಕಸ ಸಿಕ್ಕಿದ್ರೆ ನನ್ನ ಮಗ್ಗ ಸುಟ್ಟುಹಾಕ್ತೀನಿ ಅಂತ ಜಂಬ ಬೇರೆ. ಉಳಿದ ಬಟ್ಟಲೆಲ್ಲ ನಾನೇ ತೊಳೆದೆನಲ್ಲ, ಒಂದರ ತಳದಲ್ಲೂ ಏನೂ ಇರಲಿಲ್ಲ."

"ಅಂದ್ರೆ ಇದು ಹೂಜಿಯಿಂದ ಬಂದದ್ದಲ್ಲ. ಈ ಒಂದು ಬಟ್ಟಲಿಗೇ ಬಿದ್ದದ್ದು."

"ಹೂಜಿ ಜೆನೋಬಿ ಕೈಲಿತ್ತು. ಬಟ್ಟಲು ಅವನ ಕೈಗೆ ಬರಲೇ ಇಲ್ಲ."

ಆದರೆ ಇಷ್ಟರಿಂದ ಜೆನೋಬಿ ಬಿಡುಗಡೆಯಾಗುವಂತಿರಲಿಲ್ಲ. ಅವನ ಕೊರಳಿಗೆ ಹಗ್ಗ ಹಾಕಿದ್ದು ಬಟ್ಟಲಲ್ಲ, ಒಂದು ಮಾತು. ಸಾಯುವಾಗ ಪಮ್ಮೋನರು ಜೆನೋಬಿಯತ್ತ ಬೆರಳು ಮಾಡಿ 'ಹಿಪೋಸ್ತಾಸಿಸ್ ಮೂರು' ಅಂದರು ಎಂದು ಕೋಟೆಯೊಳಗಿನ ಇನ್ನೊಂದು ಸಭೆಯ ಸೇವಕ ಪ್ರೋಕ್ಲೋಸ್ ಆಣೆಯಿಟ್ಟು ಹೇಳಿದ್ದ. ಪಮ್ಮೋನರ ಆರೈಕೆಗೆಂದು ಆ ಸಭೆಯವರು ಬಿಟ್ಟಿದ್ದ ಹುಡುಗ, ಪಕ್ಕದಲ್ಲೇ ಇದ್ದವನು. ಅವನ ಮಾತನ್ನು ಯಾರೂ ಪ್ರಶ್ನಿಸಲಿಲ್ಲ.

ಆ ಊರಿನಲ್ಲಿ ಆ ಪದಕ್ಕೆ ಅಷ್ಟು ಬಲವಿತ್ತು.

ಹಳೇ ಊರಿನ ಸಭೆಯವರು ದೇವರಲ್ಲಿ ಹಿಪೋಸ್ತಾಸಿಸ್, ಅಂದರೆ ಬೇರೆ ಬೇರೆ ನೆಲೆ, ಮೂರು ಅನ್ನುವವರು. ತಂದೆ ನಿಜಕ್ಕೂ ತಂದೆ, ಮಗ ನಿಜಕ್ಕೂ ಮಗ, ಪವಿತ್ರಾತ್ಮ ನಿಜಕ್ಕೂ ಪವಿತ್ರಾತ್ಮ. ಒಬ್ಬನೇ ನಟ ಮೂರು ಮುಖವಾಡ ಹಾಕಿಕೊಂಡು ಕುಣಿದಂತೆ ಅಲ್ಲ ಎಂಬುದು ಅವರ ಅರ್ಥ. ಕೋಟೆಯೊಳಗಿನವರಿಗೆ ಅದೇ ಪದವೆಂದರೆ ಇರವು, ಸಾರ. ದೇವರ ಸಾರ ಒಂದೇ ಆದ ಮೇಲೆ ಹಿಪೋಸ್ತಾಸಿಸ್ ಕೂಡ ಒಂದೇ. ಮೂರು ಅಂದವನು ಮೂರು ದೇವರನ್ನು ಪೂಜಿಸುವವನು. ಎರಡೂ ಕಡೆ ಕಲಿಸುವ ವಿಶ್ವಾಸಪ್ರಮಾಣ ಒಂದೇ. ಮಗನು ತಂದೆಯೊಡನೆ ಒಂದೇ ಸಾರದವನು ಎಂಬ ಸಾಲನ್ನು ಎರಡೂ ಕಡೆಯವರು ಕಣ್ಣು ಮುಚ್ಚಿ ಹೇಳುತ್ತಾರೆ. ಆದರೂ ಇವರ ಮನೆಯ ಹೆಣ್ಣನ್ನು ಅವರು ತರರು, ಅವರ ಹೆಣಕ್ಕೆ ಇವರು ಹೆಗಲು ಕೊಡರು.

ಪಮ್ಮೋನರು ಇದಕ್ಕೇ ಬಂದದ್ದು. ಊಟದ ಹಿಂದಿನ ದಿನ ಜೆನೋಬಿ ಬೀದಿಯಲ್ಲಿ ಅವರನ್ನು ತಡೆದು, 'ಮೂರು ಅಂದಿದ್ದಕ್ಕೆ ನಮ್ಮಪ್ಪ ಹಲ್ಲು ಮುರಿಸಿಕೊಂಡ, ನೀವು ಬಂದು ಎರಡೂ ಒಂದೇ ಅಂತೀರಾ' ಎಂದು ಕೂಗಾಡಿದ್ದ. ನೋಡಿದವರು ಬೇಕಾದಷ್ಟು ಜನ ಇದ್ದರು.

"ನಿಜವಾಗಲೂ ಎರಡೂ ಒಂದೇ ಅಂದ್ರಾ?" ಮಾರಿಸ್ ಕೇಳಿದ.

"ಎಲ್ಲಿ ಅಂದ್ರು? ಕೇಳಿದ್ರು, ಅಷ್ಟೇ. ನಮ್ಮೋರನ್ನ ಕೇಳಿದ್ರು, 'ಮೂರು ಅಂತೀರಲ್ಲ, ಮೂರು ದೇವರು ಅಂತಲಾ?' ನಮ್ಮೋರು 'ಛೆ ಛೆ, ದೇವರು ಒಬ್ಬನೇ' ಅಂದ್ರು. ಅವರನ್ನ ಕೇಳಿದ್ರು, 'ಒಂದು ಅಂತೀರಲ್ಲ, ಹಾಗಾದ್ರೆ ಮಗ ಅನ್ನೋದು ಬರೀ ಹೆಸರಾ?' ಅವರೂ 'ಛೆ ಛೆ' ಅಂದ್ರು. 'ಮತ್ತೆ ಇಷ್ಟು ವರ್ಷ ಯಾರ ಜೊತೆ ಜಗಳ ಆಡಿದ್ರಿ' ಅಂತ ಕೇಳಿ ಸುಮ್ಮನೆ ಕೂತರು." ಡೊಮ್ನಾ ಇದ್ದಕ್ಕಿದ್ದಂತೆ ನಕ್ಕಳು. "ಆ ಪದಕ್ಕೆ ಅವರ ಹತ್ತಿರ ಇನ್ನೂ ಒಂದು ಅರ್ಥ ಇತ್ತು, ಹೇಳೋಕೆ ನಾಚಿಕೆ."

"ಹೇಳು."

"ಮೊದಲು ವೈದ್ಯರಾಗಿದ್ದೋರಲ್ಲ ಅವರು. ಬಂದ ಹೊಸದರಲ್ಲಿ ನನಗೆ ಜ್ವರ. ಗಾಜಿನ ಕುಪ್ಪೀಲಿ ಮೂತ್ರ ತಾ ಅಂದ್ರು. ತಂದುಕೊಟ್ಟೆ. ಬೆಳಕಿಗೆ ಹಿಡಿದು ನೋಡಿ, 'ಹಿಪೋಸ್ತಾಸಿಸ್ ಬೆಳ್ಳಗಿದೆ, ಹೆದರಬೇಡ, ಇಳಿಯುತ್ತೆ' ಅಂದ್ರು. 'ಅಯ್ಯೋ, ದೇವರ ವಿಷಯಕ್ಕೆ ಹೇಳೋ ಮಾತನ್ನ ನನ್ನ ಉಚ್ಚೆಗೆ ಹೇಳ್ತೀರಲ್ಲ' ಅಂತ ನಾನು. ಅವರೂ ನಕ್ಕರು. 'ವೈದ್ಯರ ಬಾಯಲ್ಲಿ ಅದು ತಳಕ್ಕಿಳಿದು ಕೂತ ಗಸಿ ಕಣಮ್ಮ. ಮನೆ ಕಟ್ಟೋನ ಬಾಯಲ್ಲಿ ಪಾಯ. ಪದ ಕೇಳಿದ್ರೆ ಸಾಲದು, ಯಾರ ಬಾಯಿಂದ ಬಂತು ಅಂತಲೂ ಕೇಳಬೇಕು' ಅಂದ್ರು."

ಮಾರಿಸ್ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

"ಅಕ್ಕ, ಅವರು ಬಿದ್ದಾಗ ನೀನೆಲ್ಲಿದ್ದೆ?"

"ತಲೆ ನನ್ನ ತೊಡೆ ಮೇಲೇ ಇತ್ತು."

"ಏನಂದ್ರು? ನಿನ್ನ ಕಿವಿಗೆ ಬಿದ್ದದ್ದು ಮಾತ್ರ ಹೇಳು."

"ತುಟಿ ಮರಗಟ್ಟಿತ್ತು. ಮಾತು ತೊದಲು. 'ಹಿಪೋಸ್ತಾಸಿಸ್' ಅಂದ್ರು. ಆಮೇಲೆ 'ನೋಡು' ಅಂದ್ರು. ಅಷ್ಟೇ."

"ಮೂರು ಅಂದ್ರಾ?"

"ಮೂರೂ ಇಲ್ಲ, ಒಂದೂ ಇಲ್ಲ. ಆದರೆ ಪ್ರೋಕ್ಲೋಸ್ ಆ ಕಡೆ ಬಗ್ಗಿ ಕಿವಿ ಕೊಟ್ಟಿದ್ದ, ಅವನಿಗೆ ಸರಿಯಾಗಿ ಕೇಳಿಸಿತ್ತೇನೋ ಅಂದ್ಕೊಂಡೆ. ನನ್ನನ್ನ ಯಾರಾದ್ರೂ ಕೇಳಿದ್ರೆ ತಾನೇ? ನಾನು ಹೆಣ ತೊಳೆಯೋಕೆ ಹೋದೆ."

"ಕಣ್ಣಿಗೆ ಕಾಣದ ದೇವರ ವಿಷಯ ಹೇಳೋನು 'ನೋಡು' ಅಂತಾನೇನಕ್ಕ?"

ಡೊಮ್ನಾ ಬಾಯಿ ತೆರೆದವಳು ಹಾಗೇ ಗೋಧಿ ಚೀಲದ ಮೇಲೆ ಕೂತುಬಿಟ್ಟಳು. "ದೇವರೇ... ಗಸಿ ನೋಡು ಅಂದ್ರು. ವಿಷ ಅಂತ ಅವರಿಗೆ ಗೊತ್ತಾಗಿತ್ತು."

"ಇದನ್ನ ಎಲ್ಲಾದರೂ ಭದ್ರವಾಗಿಡು. ನಾನು ಬರೋವರೆಗೂ ಯಾರ ಕೈಗೂ ಕೊಡಬೇಡ."

"ನಿನ್ನ ಕೈಗೂ ಕೊಡೋಳಲ್ಲ, ಹೋಗು."

ಸೇತುವೆ ದಾಟುವಾಗ ಬಿಸಿಲು ಇಳಿಮುಖವಾಗಿತ್ತು. ಒರೊಂತೆಸ್ ನದಿ ಹಿಮ ಕರಗಿ ಬಂದ ಕೆಸರು ನೀರಿನಿಂದ ಕೆಂಪಗೆ ಹರಿಯುತ್ತಿತ್ತು. ಕಂಬಸಾಲಿನ ಬೀದಿಯಲ್ಲಿ ಒಣಮೀನು ಮಾರುವವನೂ ಬೇಳೆ ಮಾರುವವನೂ ಗಿರಾಕಿಗಳನ್ನು ಬಿಟ್ಟು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು.

"ಮೂರು ದೇವರೋನೇ, ಮುದುಕನ್ನ ತಿಂದ್ಕೊಂಡ್ರಲ್ಲೋ!"

"ಹೋಗೋ ಮುಖವಾಡ! ನಿಮ್ಮ ಪ್ರೋಕ್ಲೋಸ್ ಕಿವಿಗೆ ಮಾತ್ರ ಕೇಳಿಸುತ್ತೇನೋ?"

ಪಮ್ಮೋನರು ಹೋದ ಮೇಲೆ ಊರೆಲ್ಲ ಹೀಗೇ ಆಗಿತ್ತು. ಆದರೂ ಸಭೆಗಳು ಒಂದಾಗುವ ಮಾತು ಇನ್ನೂ ಪೂರ್ತಿ ಮುರಿದಿರಲಿಲ್ಲ. ಉಪವಾಸದ ದಿನಗಳು ಶುರುವಾಗುವ ಮುಂಚೆ, ಬರುವ ಭಾನುವಾರ, ಎರಡೂ ಸಭೆಯವರು ಒಂದೇ ಮೇಜಿನ ರೊಟ್ಟಿ ಹಂಚಿಕೊಳ್ಳಬೇಕು ಎಂಬುದು ಪಮ್ಮೋನರಿಟ್ಟ ಗಡುವು. ಅಷ್ಟರೊಳಗೆ ಕೊಲೆಗಾರನಿಗೆ ಶಿಕ್ಷೆಯಾದರೆ ಬರುತ್ತೇವೆ ಎಂದು ಕೋಟೆಯೊಳಗಿನವರು ಹೇಳಿಕಳಿಸಿದ್ದರು.

ಕೊಲೆಗಾರ ಯಾರು ಎನ್ನುವುದಕ್ಕಿಂತ ಬೇಗ ಯಾರಾದರೂ ಸಿಗಲಿ ಎನ್ನುವ ಅವಸರ ಎರಡೂ ಕಡೆಗಿದೆ ಎಂದು ಮಾರಿಸನಿಗೆ ಅನ್ನಿಸಿತು.

ಕೋಟೆಯೊಳಗಿನ ಸಭೆಯ ಅಂಗಳದಲ್ಲಿ ಪ್ರೋಕ್ಲೋಸ್ ಕಲ್ಲುಕಟ್ಟೆಯ ಮೇಲೆ ಹಣತೆಗಳನ್ನು ಸಾಲಾಗಿ ಇಟ್ಟುಕೊಂಡು ಎಣ್ಣೆ ತುಂಬುತ್ತಿದ್ದ. ಚಿಗುರು ಗಡ್ಡ, ತೆಳ್ಳನೆಯ ಬೆರಳು, ಓದಿ ಓದಿ ಕೆಂಪಾದ ಕಣ್ಣು.

"ಬನ್ನಿ ವಕೀಲರೇ. ಒಳಗೆ ಕರೆಯೋಕಾಗಲ್ಲ. ಸ್ನಾನ ಆಗದವರಿಗೆ ಅಂಗಳವೇ ಗಡಿ."

"ನನಗೆ ಅಂಗಳವೇ ಸಾಕು." ಮಾರಿಸ್ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ. "ಈ ಉಪವಾಸದ ದಿನಗಳಲ್ಲಿ ದೀಕ್ಷಾಸ್ನಾನಕ್ಕೆ ನಾನೂ ಹೆಸರು ಕೊಡೋಣ ಅಂತಿದ್ದೀನಿ. ಒಂದು ಸಂದೇಹ. ಈ ಹಿಪೋಸ್ತಾಸಿಸ್ ಅಂದ್ರೆ ಏನು?"

ಪ್ರೋಕ್ಲೋಸನ ಮುಖ ಅರಳಿತು. ಇಂಥ ಪ್ರಶ್ನೆಯನ್ನು ಕಾದು ಕೂತವನಂತೆ ಎಣ್ಣೆಯ ಗಿಂಡಿಯನ್ನು ಎತ್ತಿ ಹಿಡಿದೇ ಹೇಳತೊಡಗಿದ.

"ಅಡಿಯಲ್ಲಿ ನಿಂತಿರೋದು. ಒಂದು ವಸ್ತು ಯಾವುದರಿಂದ ಇದೆಯೋ ಅದು. ನಿಕೇಯದ ಮಹಾಸಭೆಯಲ್ಲಿ ಕೂತ ಹಿರಿಯರು ಸಾರ ಅನ್ನೋ ಮಾತನ್ನೂ ಇದನ್ನೂ ಒಂದೇ ಉಸಿರಲ್ಲಿ ಹೇಳಿದ್ದಾರೆ, ಒಂದೇ ಅರ್ಥದಲ್ಲಿ. ನದಿಯಾಚೆಯವರು ಎರಡನ್ನೂ ಬೇರೆ ಮಾಡಿ ಇಟ್ಕೊಂಡಿದ್ದಾರೆ. ಸಾರ ಅಂದ್ರೆ ಮೂವರಿಗೂ ಸೇರಿದ್ದಂತೆ, ಹಿಪೋಸ್ತಾಸಿಸ್ ಅಂದ್ರೆ ಒಬ್ಬೊಬ್ಬರದೇ ಆದ ನೆಲೆಯಂತೆ. ಹೊಸ ಅರ್ಥ. ಹೊಸದು ಅಂದ ಕೂಡಲೇ ತಪ್ಪು ಅಂತಲ್ಲ ಅಂತ ಪಮ್ಮೋನರು ಹೇಳ್ತಿದ್ರು."

"ನಿಮಗೆ ಅದು ಒಪ್ಪಿಗೆಯಾಗಿತ್ತಾ?"

"ಆಗ್ತಾ ಇತ್ತು."

ಆ ಮಾತಿನಲ್ಲಿ ಸುಳ್ಳು ಕಾಣಲಿಲ್ಲ. ಮಾರಿಸನಿಗೆ ಅದೇ ಹೆಚ್ಚು ಅನುಮಾನ ಹುಟ್ಟಿಸಿತು.

"ಆ ನೆಲೆಯೋ ಸಾರವೋ, ಏನಾದರೂ ಆಗಲಿ. ಅದು ಕಣ್ಣಿಗೆ ಕಾಣುತ್ತಾ?"

"ಏನು ಪ್ರಶ್ನೇರೀ ಇದು! ದೇವರ ಇರವು ಕಣ್ಣಿಗೆ ಕಾಣುತ್ತೇನು?"

"ಮತ್ತೆ ಪಮ್ಮೋನರು 'ನೋಡು' ಅಂದದ್ದು ಯಾಕೆ?"

ಗಿಂಡಿಯಿಂದ ಇಳಿಯುತ್ತಿದ್ದ ಎಣ್ಣೆ ಹಣತೆ ತುಂಬಿ, ಕಟ್ಟೆಯ ಮೇಲೆ ಹರಿದು, ಕೆಳಗೆ ತೊಟ್ಟಿಕ್ಕಿತು. ಪ್ರೋಕ್ಲೋಸ್ ಗಮನಿಸಲಿಲ್ಲ.

"ಯಾರು ಹೇಳಿದ್ದು ಹಾಗಂತ?"

"ಅಂದ್ರೋ ಇಲ್ವೋ?"

"ಸಾಯೋರ ಮಾತು. ಏನೋ ಅಂದಿರಬಹುದು. ನೋಡೋದಕ್ಕೆ ಅಲ್ಲಿ ಏನಿತ್ತು? ನಾನು ಹೋಗೋಷ್ಟರಲ್ಲಿ ಬಟ್ಟಲುಗಳನ್ನೆಲ್ಲ ತೊಳೆದು ಮಗುಚಿದ್ರು."

ಬೀದಿಯಿಂದ ಕತ್ತೆಯ ಗಂಟೆಯ ಸದ್ದು ಕೇಳಿ, ದೂರವಾಯಿತು.

"ನಾನು ಬಟ್ಟಲಿನ ಮಾತೇ ಎತ್ತಲಿಲ್ಲ ಪ್ರೋಕ್ಲೋಸ್."

ಪ್ರೋಕ್ಲೋಸ್ ಗಿಂಡಿಯನ್ನು ಕೆಳಗಿಟ್ಟ. ಇಡುವಾಗ ಒಂದು ಹಣತೆ ಮಗುಚಿಕೊಂಡಿತು.

"ಎಲ್ಲ ಬಟ್ಟಲು ತೊಳೆದಿಲ್ಲ," ಮಾರಿಸ್ ಮುಂದುವರಿಸಿದ. "ಒಂದು ಉಳಿದಿದೆ. ಅದರ ತಳದಲ್ಲಿ ಗಸಿ ಇದೆ. ವೈದ್ಯರ ಭಾಷೆಯಲ್ಲಿ ಅದಕ್ಕೆ ಏನಂತಾರೆ ಅಂತ ನಿಮಗೆ ಗೊತ್ತಿತ್ತು. ಇಷ್ಟು ದಿನ ಅವರ ಜೊತೆಗೇ ಇದ್ರಿ. ಗೊತ್ತಿದ್ದೂ 'ಮೂರು' ಅಂತ ಒಂದು ಪದ ನೀವೇ ಸೇರಿಸಿದ್ರಿ. ಆ ಒಂದು ಪದಕ್ಕೆ ನಾಳೆ ಒಬ್ಬ ನೇಕಾರನ ಪಕ್ಕೆ ಸೀಳ್ತಾರೆ."

"ನಾನು ಕೊಂದಿಲ್ಲ."

"ಕೊಂದ್ರಿ ಅಂತ ನಾನೆಲ್ಲಿ ಅಂದೆ?"

"ಮುಖ ಹಾಗೆ ಹೇಳ್ತಿದೆ ನಿಮ್ಮದು!" ಪ್ರೋಕ್ಲೋಸನ ದನಿ ಏರಿ ಒಡೆಯಿತು. ಬಾಗಿಲತ್ತ ನೋಡಿ ಮತ್ತೆ ತಗ್ಗಿಸಿದ. "ಕೆಮ್ಮು ಇತ್ತು ಅವರಿಗೆ. ದಿನಾ ಸಂಜೆ ಅತಿಮಧುರದ ಬೇರಿನ ಪುಡಿ ಕಲಸಿ ಕೊಡ್ತಿದ್ದೆ, ಅವರೇ ತೋರಿಸಿಕೊಟ್ಟಿದ್ರು. ಅವತ್ತೂ ಕಲಸಿದೆ, ಅದೇ ಚೀಲದಿಂದ. ಒಂದು ಗುಟುಕು ಕುಡಿದು 'ಇವತ್ತು ಸಿಹಿ ಕಡಿಮೆ' ಅಂದ್ರು. ನಾನು ನಕ್ಕೆ. ದ್ರಾಕ್ಷಾರಸ ಹುಳಿ ಇರಬೇಕು ಅಂದೆ. ಅವರು ಪೂರ್ತಿ ಕುಡಿದ್ರು."

"ಆಮೇಲೆ?"

"ಆಮೇಲೆ ಬಟ್ಟಲೊಳಗೆ ನೋಡಿದ್ರು. ಬೆರಳಿಂದ ತಳ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡ್ರು. ಬಿದ್ದ ಮೇಲೆ ಅವರು ಬೆರಳು ಮಾಡಿದ್ದು ಜೆನೋಬಿ ಕಡೆ ಅಲ್ಲ ವಕೀಲರೇ. ಜೆನೋಬಿ ನನ್ನ ಹಿಂದೆ ನಿಂತಿದ್ದ." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಅವರು ನೋಡಿದ್ದು ನನ್ನನ್ನ."

ಮಾರಿಸನಿಗೆ ಅವನ ಮೇಲೆ ಕನಿಕರ ಬಂತು. ಬಂದ ಕೂಡಲೇ ಅದನ್ನು ಹಿಂದಕ್ಕೆ ತಳ್ಳಿದ. ಅಳುವವರನ್ನು ಅವನು ನ್ಯಾಯಾಲಯದಲ್ಲಿ ಬಹಳ ನೋಡಿದ್ದ. ಈ ಹುಡುಗನಿಗೆ ಕಾರಣವೂ ಇತ್ತು. ಎರಡು ಸಭೆ ಒಂದಾದರೆ ಕೋಟೆಯೊಳಗಿನ ಚಿಕ್ಕ ಸಭೆಯ ಸೇವಕನನ್ನು ಕೇಳುವವರು ಯಾರು?

"ಆ ಚೀಲ ಎಲ್ಲಿರುತ್ತಿತ್ತು?"

"ಅವರ ಕೋಣೇಲಿ. ನಿಮ್ಮ ಹಳೇ ಊರಿನ ಅತಿಥಿಗೃಹದಲ್ಲಿ. ಬೀಗ ಇಲ್ಲ, ಏನೂ ಇಲ್ಲ. ಅವರನ್ನ ನೋಡೋಕೆ ಬಂದೋರೆಲ್ಲ ಅಲ್ಲೇ ಕೂತು ಹೋಗ್ತಿದ್ರು."

"ಈಗ ಎಲ್ಲಿದೆ?"

"ಹುಡುಕಿದೆ. ಇಲ್ಲ."

"ಪುಡಿ ಕಲಸಿದ ವಿಷಯ ಯಾರಿಗೆ ಹೇಳಿದ್ದೀರಿ?"

"ಯಾರಿಗೆ ಹೇಳಲಿ? ಹೇಳಿದ್ರೆ ನನ್ನ ತಲೆ ಉಳಿಯುತ್ತಾ? ಇದೇ ಮೊದಲು. ನಿಮಗೇ."

"ಕಲಸಿದ್ದನ್ನ ಬೇರೆ ಯಾರಾದರೂ ಕಂಡಿದ್ದರೆ?"

"ಊಟದ ಮನೆಗೆ ತರೋಕೆ ಮುಂಚೆ ಕೋಣೆಯಲ್ಲೇ ಪುಡಿ ಹಾಕಿಟ್ಟಿದ್ದೆ. ಒಬ್ಬನೇ ಇದ್ದೆ. ಜೆನೋಬಿ ಅದರ ಮೇಲೆ ಸುರಿದ, ಅವನೂ ಬಗ್ಗಿ ನೋಡ್ಲಿಲ್ಲ."

"ನಾಳೆ ಇದನ್ನೇ ಪ್ರಾಂತಾಧಿಪತಿ ಮುಂದೆ ಹೇಳಬೇಕು."

ಪ್ರೋಕ್ಲೋಸ್ ಕಟ್ಟೆಯ ಮೇಲಿನ ಎಣ್ಣೆಯನ್ನು ಅಂಗಿಯ ತುದಿಯಿಂದ ಒರೆಸಿದ, ಒರೆಸಿದಷ್ಟೂ ಹರಡಿತು.

"ಹೇಳ್ತೀನಿ," ಅಂದ ಕೊನೆಗೆ. "ಮೂರು ಅಂತ ಸೇರಿಸಿದ ದಿನದಿಂದ ಒಂದು ತುತ್ತು ಒಳಗೆ ಇಳಿದಿಲ್ಲ. ಬೆಳಿಗ್ಗೆ ಬಂದು ಕರ್ಕೊಂಡು ಹೋಗಿ. ಒಬ್ಬನೇ ಹೊರಟರೆ ದಾರೀಲಿ ಕಾಲು ಬೇರೆ ಕಡೆ ತಿರುಗಬಹುದು."

ಸೆರೆಮನೆಯ ಬಾಗಿಲಲ್ಲಿ ಕಾವಲುಗಾರ ನೆನೆಸಿದ ಕಡಲೆ ತಿನ್ನುತ್ತ ಕೂತಿದ್ದ. ಮಾರಿಸನನ್ನು ಕಂಡು ಏಳುವ ಗೋಜಿಗೂ ಹೋಗಲಿಲ್ಲ.

"ಬಂದ್ರಾ? ತಡವಾಗಿ ಬಂದ್ರಿ ವಕೀಲರೇ. ನಿಮ್ಮೋನು ಒಪ್ಕೊಂಡಾಯ್ತು."

"ಏನನ್ನ?"

"ಕೊಂದದ್ದನ್ನ! ನಾವು ಒಂದು ಏಟೂ ಹಾಕಿಲ್ಲ. ತಾನೇ ಕರೆದು, ಸಾಕ್ಷಿಗಳನ್ನ ಕರೆಸಿ, ಮಾಡಿದ್ದು ನಾನೇ ಅಂದ. ಇಂಥಾ ಒಳ್ಳೆ ಕೈದೀನ ನಾನು ನೋಡೇ ಇಲ್ಲ."

ಜೆನೋಬಿ ಗೋಡೆಗೆ ಒರಗಿ ಕೂತಿದ್ದ. ಅಗಲ ಭುಜದ, ಗಟ್ಟಿ ದನಿಯ ಮನುಷ್ಯ. ಮೊನ್ನೆಯವರೆಗೂ ಬಾಗಿಲು ಗುದ್ದಿ ಗುದ್ದಿ ಮುಷ್ಟಿಯ ಚರ್ಮ ಕಿತ್ತುಕೊಂಡಿದ್ದವನು ಇವತ್ತು ಹಬ್ಬದ ಊಟ ಮುಗಿಸಿದವನಂತೆ ಶಾಂತವಾಗಿದ್ದ.

"ಏನೋ ಇದು ಜೆನೋಬಿ? ತಲೆ ಕೆಟ್ಟಿದೆಯಾ? ನೀನಲ್ಲ ಅಂತ ನನ್ನ ಹತ್ತಿರ ಪುರಾವೆ ಇದೆ!"

"ಇಟ್ಕೊಳ್ಳಿ ಸ್ವಾಮಿ. ಮಾಡಿದ್ದು ನಾನೇ."

"ಹೇಗೆ ಮಾಡಿದೆ?"

"ಹೂಜಿಗೆ ಹಾಕಿದೆ."

"ಹೂಜಿಯಿಂದ ಊಟಕ್ಕೆ ಕೂತೋರೆಲ್ಲ ಕುಡಿದ್ರಲ್ಲ. ಡೊಮ್ನಕ್ಕ ಕುಡಿದಳು. ನೀನೇ ಕುಡಿದೆ."

ಜೆನೋಬಿ ಕಣ್ಣು ಪಿಳುಕಿಸಿದ. ಈ ಮಾತನ್ನು ಅವನು ಯೋಚಿಸಿರಲಿಲ್ಲ. "ಅದೆಲ್ಲ ನಿಮಗ್ಯಾಕೆ? ಒಪ್ಕೊಂಡೋನ ಹತ್ತಿರ ಯಾರೂ ಲೆಕ್ಕ ಕೇಳಲ್ಲ. ಮೈಗೆ ಕೊಕ್ಕೆ ಹಾಕಲ್ಲ, ಒಂದೇ ಏಟಿಗೆ ಮುಗಿಸ್ತಾರೆ ಅಂತ ಮಾತಾಗಿದೆ."

"ಯಾರ ಜೊತೆ ಮಾತಾಗಿದೆ?"

ಮಾರಿಸ್ ಅವನೆದುರು ನೆಲದ ಮೇಲೇ ಕೂತ. ಹುಲ್ಲು ಒದ್ದೆಯಾಗಿತ್ತು.

"ಯಾರನ್ನ ಕಾಯ್ತಿದ್ದೀಯಾ?"

"ನನ್ನ ಮಗಳು ಗೊತ್ತಲ್ಲ ನಿಮಗೆ, ಮಾರ್ಥಾನಾ?" ಜೆನೋಬಿ ಬೇರೆಲ್ಲೋ ನೋಡುತ್ತ ಹೇಳಿದ. "ಕೋಟೆಯೊಳಗಿನ ಸಭೆಯ ಹುಡುಗನ್ನ ಕಟ್ಕೊಂಡು ಹೋದಳು. ಇನ್ನು ನನ್ನ ಹೊಸ್ತಿಲು ತುಳೀಬೇಡ ಅಂದಿದ್ದೆ. ಅವಳಿಗೆ ಮಗು ಆಗಿದೆಯಂತೆ. ನನ್ನ ಹೆಂಡತಿ ಊರ ಸ್ನಾನಗೃಹದ ಹತ್ತಿರ ಕಂಬದ ಮರೇಲಿ ನಿಂತು ನೋಡಿ ಬಂದಳು. ಮುಟ್ಟಲಿಲ್ಲ. ನನ್ನ ಹೆದರಿಕೆ. ಮೂಗು ನನ್ನ ಥರಾನೇ ಇದೆ ಅಂದಳು." ಅವನು ತನ್ನ ಮೂಗನ್ನು ಮುಟ್ಟಿಕೊಂಡ. "ಭಾನುವಾರ ಸಭೆ ಒಂದಾದ್ರೆ ತಾಯಿ ಮಗಳು ಇಬ್ಬರೂ ಒಂದೇ ಮೇಜಿನ ರೊಟ್ಟಿ ತಿಂತಾರೆ ಸ್ವಾಮಿ. ಆ ಮುದುಕಯ್ಯನ್ನ ಬೀದೀಲಿ ಬೈದೋನು ನಾನು. ಅವರು ಹೇಳಿದ್ದು ಸರಿ ಅಂತ ಇಲ್ಲಿ ಕೂತ ಮೇಲೆ ಗೊತ್ತಾಯ್ತು. ಏನಾದ್ರೂ ಒಂದು ತೀರಿಸಬೇಕಲ್ಲ."

"ಅದಕ್ಕೆ ನಿನ್ನ ಹೆಣ ಯಾಕೆ ಬೇಕು?"

"ಕೊಲೆಗಾರ ನಮ್ಮ ಕಡೆಯ ಒಬ್ಬ ನೇಕಾರ ಅಂತಾದ್ರೆ ಅವರು ಕ್ಷಮಿಸಿಬಿಡಬಹುದು. ಅವರದೇ ಸೇವಕ ಅಂತಾದ್ರೆ? ಮಾನ ಹೋಗುತ್ತೆ. ಆಮೇಲೆ ಯಾವತ್ತೂ ಬರಲ್ಲ. ಪ್ರೋಕ್ಲೋಸ್ ಹೆಸರು ಹೊರಗೆ ಬಂದ್ರೆ ಎಲ್ಲಾ ಮುಗೀತು ಅಂದ್ರು."

"ಪ್ರೋಕ್ಲೋಸ್ ಅಂತ ಹೆಸರು ಹೇಳಿದ್ರಾ?"

"ಹೂಂ. ಕೆಮ್ಮಿನ ಪುಡಿ ಕಲಸಿದ್ದು ಅವನೇ ಅಂತೆ."

"ಯಾರು ಜೆನೋಬಿ? ನಿನಗೆ ಇದನ್ನ ಹೇಳಿದ್ದು ಯಾರು?"

"ಯಾರೂಂತ ಕೇಳ್ತೀರಲ್ಲ. ಇನ್ನು ಯಾರು ಬರ್ತಾರೆ ಇಲ್ಲಿಗೆ? ಸಿಲ್ವಾನಯ್ಯ. ರೊಟ್ಟಿ, ಅಂಜೂರ ತಂದಿದ್ರು. ನನ್ನ ಕೈ ಹಿಡ್ಕೊಂಡು ಅತ್ತರು ಸ್ವಾಮಿ."

"ಯಾವಾಗ?"

"ನಡುಹಗಲು."

ನಡುಹಗಲಿನಲ್ಲಿ ಮಾರಿಸನಿಗೇ ಏನೂ ಗೊತ್ತಿರಲಿಲ್ಲ. ಪುಡಿಯ ವಿಷಯ ಡೊಮ್ನಾಳಿಗೂ ತಿಳಿಯದು. ಪ್ರೋಕ್ಲೋಸ್ ಮೊದಲ ಬಾರಿ ಬಾಯಿಬಿಟ್ಟದ್ದು ಈಗ, ಇಳಿಹೊತ್ತಿನಲ್ಲಿ, ಅದೂ ತನ್ನ ಒಬ್ಬನ ಎದುರು. ಆ ಚೀಲದಲ್ಲಿ ಏನಿತ್ತು, ಯಾರ ಕೈಯಿಂದ ಬಟ್ಟಲಿಗೆ ಹೋಯಿತು ಎಂದು ಅದಕ್ಕೂ ಮುಂಚೆ ತಿಳಿದಿರುವುದು ಆ ಚೀಲದ ಪುಡಿ ಬದಲಿಸಿದವನಿಗೆ ಮಾತ್ರ.

"ಇದನ್ನ ನಾನು ಹೊರಗೆ ತಂದ್ರೆ?"

"ನಾನು ಇನ್ನೊಂದು ಸಲ ಆಣೆ ಇಡ್ತೀನಿ," ಅಂದ ಜೆನೋಬಿ. "ನೀವು ನನ್ನ ವಕೀಲರು. ನನ್ನ ಮಾತು ನಡೆಸಿಕೊಡೋದು ನಿಮ್ಮ ಕೆಲಸ."

ಮಾರಿಸ್ ಹೊರಗೆ ಬಂದಾಗ ಬೀದಿದೀಪಗಳನ್ನು ಆಗಷ್ಟೇ ಹಚ್ಚುತ್ತಿದ್ದರು. ಸೆರೆಮನೆಯ ಮೆಟ್ಟಿಲ ಬುಡದಲ್ಲಿ ಹಿರಿಯ ಸಿಲ್ವಾನರು ನಿಂತಿದ್ದರು. ಬಿಳಿಯ ಗಡ್ಡ, ಬಾಗಿದ ಬೆನ್ನು, ಊರಿನ ಅರ್ಧ ಮಕ್ಕಳಿಗೆ ಹೆಸರಿಟ್ಟ ಕೈ. ಓಡಿ ಬಂದವರಂತೆ ಏದುಸಿರು ಬಿಡುತ್ತಿದ್ದರು.

"ಮಾರಿಸ್, ಇಲ್ಲೇ ಸಿಕ್ಕಿದೆಯಲ್ಲ. ಜೆನೋಬಿಯನ್ನ ನೋಡಿದ್ಯಾ? ಏನಂದ?"

ಮಾರಿಸ್ ಹಿರಿಯರಿಗೆ ಯಾವತ್ತೂ ಸುಳ್ಳು ಹೇಳಿದವನಲ್ಲ. "ಏನೂ ಇಲ್ಲ ಅಯ್ಯಾ. ಬಾಯೇ ಬಿಡಲಿಲ್ಲ."

"ಹೋಗಲಿ ಬಿಡು, ಬಿಡು." ಅವರು ಅವನ ತೋಳು ಹಿಡಿದುಕೊಂಡರು. ಹಿಡಿತ ಮುದುಕರದಾಗಿರಲಿಲ್ಲ. "ಬೇಗ ಬಾ. ಕೋಟೆಯೊಳಗಿಂದ ಆಳು ಬಂದಿತ್ತು. ಪ್ರೋಕ್ಲೋಸ್ ಅಂಗಳದಲ್ಲಿ ಬಿದ್ದಿದ್ದಾನಂತೆ. ಬಾಯಲ್ಲಿ ನೊರೆ. ಇನ್ನೂ ಉಸಿರಿದೆ, ನಿನ್ನ ಹೆಸರನ್ನೇ ಕರೀತಿದ್ದಾನಂತೆ."

ಇನ್ನೂ ಉಸಿರಿದೆ ಎನ್ನುವಾಗ ಆ ದನಿಯಲ್ಲಿ ಇದ್ದದ್ದು ದುಃಖವೋ, ಭಯವೋ, ಮಾರಿಸನಿಗೆ ತಿಳಿಯಲಿಲ್ಲ. ಅವನು ತೋಳು ಕೊಸರಿಕೊಂಡು ಓಡತೊಡಗಿದ. ಹಿಂದೆಯೇ ಸಿಲ್ವಾನರ ಹೆಜ್ಜೆಯ ಸದ್ದೂ ಓಡಿ ಬರುತ್ತಿತ್ತು.